ಹಿಂದೆ ಬರುವವನಿಗಾಗಿ ಉರಿಯುವ ದೀಪ

ಕಬ್ಬಿನ ಹಂಗಾಮು ಆರಂಭವಾಗಿ ಸಕ್ಕರೆ ಕಾರ್ಖಾನೆಗಳು ನುರಿಸತೊಡಗಿದುವೆಂದರೆ, ದೊಡವಾಡದಿಂದ ಬೆಳವಡಿ, ಸಂಗೊಳ್ಳಿ, ಬೈಲಹೊಂಗಲಗಳ ಕಡೆಗೆ ಹೋಗುವ ರಸ್ತೆಗಳಲ್ಲಿ ಸೂರ್ಯಾಸ್ತಾನಂತರದ ಸಂಚಾರದ ಸ್ವರೂಪವೇ ಬದಲಾಗಿಬಿಡುತ್ತದೆ. ಒಂದು ಟ್ರೇಲರಿನ ಹಿಂದೆ ಮತ್ತೊಂದನ್ನು ತಗುಲಿಸಿಕೊಂಡು, ಆಚೀಚೆ ಚಾಚಿದ ಕಬ್ಬಿನ ಹೇರನ್ನು ಹೊತ್ತು ಮಂದಗತಿಯಿಂದ ಸಾಗುವ ಟ್ರ್ಯಾಕ್ಟರುಗಳು, ಅವುಗಳನ್ನು ದಾಟಲು ಸಂದು ಸಿಕ್ಕೀತೆಂದು ಬೆನ್ನ ಹಿಂದೆಯೇ ಬರುವ ಕಾರುಗಳು, ಎರೆಹೊಲಗಳಿಂದೆದ್ದು ಹೆಡ್‌ಲೈಟಿನ ಬೆಳಕಿನಲ್ಲಿ ತೇಲುವ ನುಣ್ಣನೆಯ ಧೂಳು, ಇವೆಲ್ಲದರ ನಡುವೆ ಮುಂದಿನ ವಾಹನವು ವೇಗವನ್ನು ತಗ್ಗಿಸುತ್ತಿದೆಯೋ ಇಲ್ಲವೋ ಎಂಬುದನ್ನು ಹಿಂದಿನ ಚಾಲಕನು ಅರಿಯುವುದಕ್ಕೆ ಇರುವ ಮುಖ್ಯ ಆಧಾರವೆಂದರೆ ಅಂಗೈಯಗಲದ ಕೆಂಪು ಮುಚ್ಚಳದ ಹಿಂದೆ ಹೊತ್ತಿಕೊಳ್ಳುವ ಒಂದು ಪುಟ್ಟ ಬಲ್ಬು.

ಕಾರಿನ ದೀಪಗಳಲ್ಲೆಲ್ಲ ಈ ಬ್ರೇಕ್ ಲೈಟಿನ ಸ್ಥಿತಿಯೇ ವಿಲಕ್ಷಣವಾದುದು. ಹೆಡ್‌ಲೈಟು ಕೆಟ್ಟರೆ ದಾರಿ ಕಾಣದು. ಇಂಡಿಕೇಟರಿನ ಬಲ್ಬೊಂದು ಸುಟ್ಟರೆ ಅನೇಕ ಕಾರುಗಳಲ್ಲಿ ಅದರ ಟಿಕ್ ಟಿಕ್ ಸದ್ದು ಅವಸರಗೊಂಡು ಚಾಲಕನನ್ನು ಎಚ್ಚರಿಸುವುದು. ಬ್ರೇಕ್ ಲೈಟು ಮಾತ್ರ ತಿಂಗಳುಗಟ್ಟಲೆ ನಿಷ್ಕ್ರಿಯವಾಗಿದ್ದರೂ ಸಾಮಾನ್ಯವಾದ ಕಾರಿನಲ್ಲಿ ತನ್ನ ಒಡೆಯನಿಗೆ ಯಾವ ಸುಳಿವನ್ನೂ ಕೊಡದು. ಬ್ರೇಕನ್ನು ಒತ್ತಿದೊಡನೆ ಹಿಂಬದಿಯಲ್ಲಿ ಕೆಂಪು ದೀಪ ಉರಿಯತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಆದರೆ ನಿಯಮವನ್ನು ಪಾಲಿಸಬೇಕೆಂಬ ಮನಸ್ಸುಳ್ಳವನೂ, ಆಗಾಗ್ಗೆ ತಾನಾಗಿಯೇ ಪರೀಕ್ಷಿಸಿ ನೋಡದಿದ್ದರೆ, ಅರಿಯದೆಯೇ ಅದನ್ನು ಮುರಿಯುತ್ತಿರುತ್ತಾನೆ.

ದೀಪವು ಪೂರ್ತಿಯಾಗಿ ಆರಿಹೋಗಿರುವುದೊಂದೇ ದೋಷವಲ್ಲ. ಮಂಕಾಗಿ ಉರಿಯುವುದೂ ಅಷ್ಟೇ ಅಪಾಯಕರವಾದ ದೋಷವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ರಾತ್ರಿಯಲ್ಲಿ ಕಾರಿನ ಹಿಂಬದಿಯಲ್ಲಿ ಸದಾ ಉರಿಯುವ ಟೇಲ್ ಲೈಟೂ ಕೆಂಪು, ಬ್ರೇಕ್ ಒತ್ತಿದಾಗ ಉರಿಯುವ ದೀಪವೂ ಕೆಂಪು. ಬಹುಸಂಖ್ಯೆಯ ಕಾರುಗಳಲ್ಲಿ ಇವೆರಡೂ ಒಂದೇ ಬಲ್ಬಿನೊಳಗಿನ ಎರಡು ತಂತುಗಳು. ಟೇಲ್ ಲೈಟಿನ ತಂತು 5 ವಾಟಿನದು, ಬ್ರೇಕಿನದು 21 ವಾಟಿನದು. ಹಿಂದಿನವನ ಕಣ್ಣು ಇವೆರಡನ್ನು ಮುಖ್ಯವಾಗಿ ಪ್ರಕಾಶದ ತಾರತಮ್ಯದಿಂದಲೇ ಬೇರ್ಪಡಿಸಬೇಕು. ಆ ತಾರತಮ್ಯವು ಕ್ಷೀಣಿಸಿತೆಂದರೆ, ದೀಪ ಉರಿದರೂ ಸಂದೇಶ ಮುಟ್ಟದು. ಮನುಷ್ಯನ ಕಣ್ಣಿಗೆ ಹಗಲಿನಲ್ಲಿ ಅತಿ ಹೆಚ್ಚು ಗೋಚರವಾಗುವ ಬಣ್ಣ ಹಳದಿಗೆ ವಾಲಿದ ಹಸಿರೇ ಹೊರತು ಕೆಂಪಲ್ಲವಾದುದರಿಂದ, ಕೆಂಪು ದೀಪಕ್ಕೆ ಬೆಳಕಿನ ಬಡತನ ಸಲ್ಲದು.

ಈ ಸಂದೇಶವು ಎಷ್ಟು ಬೇಗ ಮುಟ್ಟುವುದೆಂಬುದೂ ವಿಚಾರಾರ್ಹವಾದುದು. ಟಂಗ್‌ಸ್ಟನ್ ತಂತು ತಣ್ಣಗಿರುವ ಸ್ಥಿತಿಯಿಂದ ಪೂರ್ಣ ಪ್ರಕಾಶಕ್ಕೇರಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಎಲ್‌ಇಡಿಯು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಬೇಗ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರಿನಂತೆ ಬರುವ ಕಾರು ಇವೆರಡರ ನಡುವಿನ ಅಲ್ಪಾವಧಿಯಲ್ಲಿಯೇ ಮೂರು ಮೀಟರಿಗಿಂತ ಹೆಚ್ಚು ದೂರವನ್ನು ಕ್ರಮಿಸುವುದು. ಕಿತ್ತೂರಿನ ಬಳಿಯ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಬರುತ್ತಿದ್ದರೆ ಐದೂವರೆ ಮೀಟರು. 1974ರಲ್ಲಿ ಜಾನ್ ವೋಯೆವೋಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞನು ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ 343 ಟ್ಯಾಕ್ಸಿಗಳ ಹಿಂಭಾಗದಲ್ಲಿ ಬ್ರೇಕಿನೊಡನೆ ಉರಿಯುವ ಹೆಚ್ಚಿನ ದೀಪವೊಂದನ್ನು ಅಳವಡಿಸಿ, ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಅವುಗಳಲ್ಲಿ ಸುಮಾರು ಶೇಕಡಾ 60ರಷ್ಟು ಕಡಿಮೆಯಾದುದನ್ನು ಕಂಡುಕೊಂಡನು. ಹಿಂಗಾಜಿನ ನಡುವೆ ಉರಿಯುವ ಮೂರನೆಯ ದೀಪವು 1986ರ ಮಾದರಿಯಿಂದ ಮೊದಲ್ಗೊಂಡು ಅಮೆರಿಕದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಅದು ಬಂದು, ಜನರ ಕಣ್ಣಿಗೆ ರೂಢಿಯಾದ ಮೇಲೆ, ಅದರ ಪ್ರಯೋಜನವು ಶೇಕಡಾ ನಾಲ್ಕರ ಆಸುಪಾಸಿಗೆ ಇಳಿದುದು ನಿಜ. ಆದರೂ ಅಷ್ಟು ಅಗ್ಗದ ದೀಪವೊಂದರಿಂದ ಅಷ್ಟು ಅಪಘಾತಗಳು ತಪ್ಪುವುದನ್ನು ಅಲ್ಪಲಾಭವೆಂದು ನಾನು ಎಣಿಸಲಾರೆ.

ಬ್ರೇಕ್ ಲೈಟಿನ ವಿದ್ಯುನ್ಮಾರ್ಗವು ಸರಳವಾದುದು. ಬ್ಯಾಟರಿಯ ಧನಧ್ರುವದಿಂದ ಹೊರಟ ಪ್ರವಾಹವು ಫ್ಯೂಜನ್ನು ಹಾದು, ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಸ್ವಿಚ್ಚಿಗೆ ಬಂದು, ಅಲ್ಲಿಂದ ತಂತಿಯ ಮೂಲಕ ಹಿಂಬದಿಯ ಹೋಲ್ಡರಿಗೂ ಬಲ್ಬಿನ ತಂತುವಿಗೂ ಹೋಗಿ, ಕೊನೆಗೆ ಕಾರಿನ ಲೋಹದ ಮೈಯನ್ನೇ ಹಾದಿಯಾಗಿಸಿಕೊಂಡು ಬ್ಯಾಟರಿಯ ಋಣಧ್ರುವಕ್ಕೆ ಮರಳುವುದು. ಈ ಮರಳುವ ಹಾದಿಯನ್ನೇ ಮೆಕ್ಯಾನಿಕರು ‘ಅರ್ಥ್’ ಎನ್ನುತ್ತಾರೆ. ಮನೆಯಲ್ಲಿ ರಿಪೇರಿಗೆ ಕೈಹಾಕುವವರು ಪ್ರವಾಹ ಬರುವ ಹಾದಿಯನ್ನೆಲ್ಲ ಶೋಧಿಸಿ, ಹೋಗುವ ಹಾದಿಯನ್ನು ಮರೆಯುತ್ತಾರೆ. ಬಲ್ಬಿನ ಮೇಲೆ ಬಲ್ಬು ಬದಲಿಸಿಯೂ ದೀಪ ಸರಿಹೋಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಪರೀಕ್ಷೆಗೆ ಇನ್ನೊಬ್ಬರ ನೆರವು ಬೇಕೆಂದೇನೂ ಇಲ್ಲ. ಮುಸ್ಸಂಜೆಯ ಹೊತ್ತಿಗೆ ಕಾರನ್ನು ಸುಣ್ಣ ಬಳಿದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕನ್ನು ಒತ್ತಿದರೆ, ಗೋಡೆಯ ಮೇಲೆ ಬೀಳುವ ಕೆಂಪು ಬೆಳಕು ಕನ್ನಡಿಯಲ್ಲಿ ಕಾಣುವುದು. ಎಡಬಲಗಳ ಬೆಳಕು ಸಮವಾಗಿರಬೇಕು. ಮೊದಲು ಟೇಲ್ ಲೈಟನ್ನು ಆರಿಸಿ, ಆಮೇಲೆ ಅದನ್ನು ಹೊತ್ತಿಸಿ, ಕೊನೆಗೆ ಇಂಡಿಕೇಟರನ್ನೂ ಹಾಕಿ ನೋಡತಕ್ಕದ್ದು. ಕೆಲವು ದೋಷಗಳು ಒಂದಕ್ಕಿಂತ ಹೆಚ್ಚು ದೀಪಗಳು ಕೂಡಿ ಉರಿಯುವಾಗಲಷ್ಟೇ ಹೊರಬೀಳುತ್ತವೆ.

ಒಂದೇ ಪಕ್ಕದ ದೀಪ ಕೆಟ್ಟಿದ್ದರೆ ದೋಷವು ಆ ಪಕ್ಕದ ಬಲ್ಬು, ಹೋಲ್ಡರು ಅಥವಾ ಅರ್ಥ್‌ನಲ್ಲಿರುವುದೇ ಹೆಚ್ಚು ಸಂಭವ. ಎಲ್ಲ ದೀಪಗಳೂ ಒಮ್ಮೆಗೇ ಆರಿದ್ದರೆ ಫ್ಯೂಜನ್ನೂ ಸ್ವಿಚ್ಚನ್ನೂ ನೋಡಬೇಕು. ಫ್ಯೂಜು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಇನ್ನೊಂದನ್ನು ಹಾಕತಕ್ಕದ್ದು. ಅದೂ ಸುಟ್ಟಿತೆಂದರೆ ಎಲ್ಲಿಯೋ ತಂತಿಯ ಸಿಪ್ಪೆ ಹರಿದು ಲೋಹಕ್ಕೆ ತಗುಲುತ್ತಿದೆಯೆಂದು ತಿಳಿದು ಇಲೆಕ್ಟ್ರಿಶಿಯನ್ನನ ಬಳಿಗೆ ಒಯ್ಯುವುದು ಲೇಸು. ಫ್ಯೂಜಿನ ಸ್ಥಾನದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟು ಪಾಕೀಟಿನ ಬೆಳ್ಳಿಕಾಗದವನ್ನೋ ಸುತ್ತುವ ಪದ್ಧತಿಯು ಅತ್ಯಂತ ಅಪಾಯಕರವಾದುದು; ಫ್ಯೂಜು ಕರಗದಿದ್ದರೆ ತಂತಿಯೇ ಕೆಂಪಗೆ ಕಾದು, ಪೆಟ್ರೋಲನ್ನು ಹೊತ್ತ ವಾಹನದೊಳಗೆ ಬೆಂಕಿಗೆ ಕಾರಣವಾಗುವುದು.

ಸ್ವಿಚ್ಚಿನ ವಿಷಯದಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಕಾಲಿಡದೆ ಬಿಟ್ಟಾಗ ಪೆಡಲಿನ ತೋಳು ಸ್ವಿಚ್ಚಿನ ಗುಂಡಿಯನ್ನು ಅದುಮಿ ಹಿಡಿದಿರುತ್ತದೆ. ಒತ್ತಿದಾಗ ಗುಂಡಿ ಸಡಿಲವಾಗಿ ಹೊರಚಾಚಿ ಒಳಗಿನ ಸಂಪರ್ಕ ಕೂಡಿಕೊಳ್ಳುವುದು. ತೋಳಿಗೂ ಗುಂಡಿಗೂ ನಡುವೆ ಕೆಲವು ಕಾರುಗಳಲ್ಲಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಸಣ್ಣ ಬಿಲ್ಲೆಯೊಂದಿರುತ್ತದೆ. ವರ್ಷಗಳ ಶಾಖದಿಂದ ಅದು ಜೀರ್ಣವಾಗಿ ಪುಡಿಪುಡಿಯಾಗಿ ಉದುರಿದರೆ, ಗುಂಡಿಯನ್ನು ಅದುಮುವುದಕ್ಕೆ ಏನೂ ಇಲ್ಲದಂತಾಗಿ ಬ್ರೇಕ್ ಲೈಟು ಹಗಲಿರುಳೂ ಉರಿಯುವುದು. 21 ವಾಟಿನ ಎರಡು ಬಲ್ಬುಗಳು ಮೂರೂವರೆ ಆಂಪಿಯರನ್ನು ಎಳೆಯುವುದರಿಂದ, ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯು ಒಂದು ರಾತ್ರಿಯಲ್ಲಿಯೇ ಬರಿದಾಗುವುದು. ಬೆಳಿಗ್ಗೆ ಕಾರು ಸ್ಟಾರ್ಟಾಗದಿದ್ದಾಗ ಪೆಡಲಿನ ಕೆಳಗೆ ಬಗ್ಗಿ ನೋಡಿದರೆ ಮ್ಯಾಟಿನ ಮೇಲೆ ಆ ಬಿಲ್ಲೆಯ ಚೂರುಗಳು ಬಿದ್ದಿರುವುದುಂಟು.

ಬಲ್ಬನ್ನು ತೆಗೆಯುವ ಮುನ್ನ ಬ್ಯಾಟರಿಯ ಋಣಧ್ರುವದ ಕ್ಲ್ಯಾಂಪನ್ನು ಬಿಚ್ಚಿಡಬೇಕು; ಅನೇಕ ಕಾರುಗಳಲ್ಲಿ ಬ್ರೇಕ್ ಲೈಟಿಗೆ ಚಾವಿಯ ಹಂಗಿಲ್ಲ. ಬಲ್ಬನ್ನು ಮೆಲ್ಲಗೆ ಒಳಕ್ಕೊತ್ತಿ ಎಡಕ್ಕೆ ತಿರುಗಿಸಿದರೆ ಹೊರಬರುವುದು. ತಂತು ತುಂಡಾಗಿದೆಯೇ, ಗಾಜಿನ ಒಳಮೈ ಕಪ್ಪಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡತಕ್ಕದ್ದು; ಆ ಕಪ್ಪು ತಂತುವಿನಿಂದ ಆವಿಯಾಗಿ ಹಾರಿ ಕುಳಿತ ಟಂಗ್‌ಸ್ಟನ್. ಎರಡು ತಂತುಗಳ ಬಲ್ಬಿನ ಹಿತ್ತಾಳೆಯ ಕವಚದ ಇಬ್ಬದಿಯ ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ತಿರುವುಮುರುವಾಗಿ ಕೂರದಿರಲೆಂದೇ ಈ ಏರ್ಪಾಡು. ಕೂರದ ಬಲ್ಬನ್ನು ಬಲವಂತದಿಂದ ತುರುಕಿದರೆ 5 ವಾಟಿನ ತಂತು ಬ್ರೇಕಿಗೂ 21 ವಾಟಿನದು ಟೇಲ್ ಲೈಟಿಗೂ ಸೇರಿ, ಬ್ರೇಕ್ ಒತ್ತಿದಾಗ ಬೆಳಕು ಏರದೆ ಹೋಗುವುದು. ಓಮ್‌ಮೀಟರಿನಿಂದ ಒಳ್ಳೆಯ ತಂತುವನ್ನು ಅಳೆದಾಗ ಒಂದು ಓಮ್‌ಗಿಂತಲೂ ಕಡಿಮೆ ತೋರಿದರೆ ಗಾಬರಿಯಾಗಬಾರದು. ಉರಿಯುವಾಗ ಸುಮಾರು ಏಳು ಓಮ್ ಇರುವ ಟಂಗ್‌ಸ್ಟನ್ನಿನ ರೋಧವು, ತಣ್ಣಗಿರುವಾಗ ಅದರ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ.

ಬಲ್ಬು ನೆಟ್ಟಗಿದ್ದೂ ದೀಪ ಉರಿಯದಿದ್ದರೆ ದೃಷ್ಟಿಯು ಹೋಲ್ಡರಿನೊಳಕ್ಕೆ ಹೋಗಬೇಕು. ನಮ್ಮ ಎರೆಭೂಮಿಯ ಧೂಳು ಅತಿಸೂಕ್ಷ್ಮವಾದ ಜೇಡಿಯ ಕಣಗಳಿಂದಾದುದು. ಬೇಸಗೆಯಲ್ಲಿ ಮುಚ್ಚಳದ ರಬ್ಬರು ಪಟ್ಟಿಯ ಬಿರುಕುಗಳಿಂದ ಒಳಸೇರಿ, ಮುಂಗಾರಿನಲ್ಲಿ ತೇವವನ್ನು ಹೀರಿ ಬಿಡದೆ ಹಿಡಿದುಕೊಳ್ಳುತ್ತದೆ. ತೇವವಿದ್ದಲ್ಲಿ ಹಿತ್ತಾಳೆ ತಾಮ್ರಗಳ ಮೇಲೆ ಹಸಿರು ಕಿಲುಬು ಕಟ್ಟುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು. ಈ ಪದರಗಳು ಪ್ರವಾಹಕ್ಕೆ ಅಡ್ಡಿಯೊಡ್ಡುವ ಬಗೆಯನ್ನು ಲೆಕ್ಕದಿಂದಲೇ ಕಾಣಬಹುದು. ಅಡ್ಡಿಯು ಕೇವಲ ಒಂದು ಓಮಿನಷ್ಟಿದ್ದರೂ, 12 ವೋಲ್ಟಿನಲ್ಲಿ ಬಲ್ಬಿಗೆ ದಕ್ಕುವುದು ಸುಮಾರು ಹತ್ತೂವರೆ ವೋಲ್ಟು. ತಂತುವಿನ ಬೆಳಕು ವೋಲ್ಟೇಜು ಇಳಿದ ಪ್ರಮಾಣದಲ್ಲಿ ಇಳಿಯದೆ ಅದಕ್ಕಿಂತ ಬಹಳ ತೀವ್ರವಾಗಿ ಇಳಿಯುವುದರಿಂದ, ಅಷ್ಟಕ್ಕೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕು ನಷ್ಟವಾಗುವುದು; ಮೇಲಾಗಿ ಆ ಕೆಟ್ಟ ಸಂಪರ್ಕದಲ್ಲಿ ಎರಡು ವಾಟಿಗೂ ಮಿಕ್ಕ ಶಾಖ ಹುಟ್ಟಿ, ಕಾಲಕ್ರಮದಲ್ಲಿ ಹೋಲ್ಡರಿನ ಪ್ಲಾಸ್ಟಿಕ್ಕನ್ನು ಕರಗಿಸುವುದು.

ಅರ್ಥ್ ಕೆಟ್ಟಾಗ ಕಾಣುವ ಲಕ್ಷಣಗಳು ವಿಚಿತ್ರವಾದುವು. ಬ್ರೇಕ್ ಒತ್ತಿದರೆ ಇಂಡಿಕೇಟರು ಮಿಣುಕುವುದು, ಟೇಲ್ ಲೈಟು ಮಂಕಾಗುವುದು, ಸಂಬಂಧವೇ ಇಲ್ಲದ ದೀಪ ಅರೆಬರೆ ಉರಿಯುವುದು. ಇವನ್ನು ಕಂಡು ವೈರಿಂಗೆಲ್ಲ ಕೆಟ್ಟಿತೆಂದು ಹತಾಶರಾಗುವವರುಂಟು. ಆದರೆ ಕಾರಣ ಒಂದೇ. ಒಂದು ಪಕ್ಕದ ದೀಪಗಳಿಗೆಲ್ಲ ಸಾಮಾನ್ಯವಾಗಿ ಮರಳುವ ಹಾದಿ ಒಂದೇ ಇರುವುದರಿಂದ, ಅದು ಮುಚ್ಚಿದಾಗ ಬ್ರೇಕಿನ ತಂತುವನ್ನು ಹಾದುಬಂದ ಪ್ರವಾಹವು ನೆರೆಯ ತಂತುವನ್ನು ಹಿಮ್ಮುಖವಾಗಿ ಹೊಕ್ಕು, ಅದರ ತಂತಿಯ ಮೂಲಕ ಇನ್ನೊಂದು ಪಕ್ಕದ ದೀಪಗಳ ಅರ್ಥನ್ನು ಹುಡುಕಿಕೊಂಡು ಹೋಗುತ್ತದೆ. ಎರಡು ತಂತುಗಳು ಸಾಲುಗೂಡಿ ವೋಲ್ಟೇಜನ್ನು ಹಂಚಿಕೊಳ್ಳುವುದರಿಂದ ಎಲ್ಲವೂ ಬಡವಾಗಿ ಉರಿಯುತ್ತವೆ.

ಇಲ್ಲಿ ಮಲ್ಟಿಮೀಟರೇ ಮೋಸಮಾಡಬಲ್ಲದು. ಬಲ್ಬನ್ನು ತೆಗೆದು ಹೋಲ್ಡರಿನಲ್ಲಿ ಅಳೆದರೆ ಮೀಟರು 12 ವೋಲ್ಟನ್ನು ನಿಚ್ಚಳವಾಗಿ ತೋರಿಸುತ್ತದೆ. ಬಲ್ಬನ್ನು ಹಾಕಿದರೆ ಉರಿಯದು. ಮೀಟರು ಎಳೆಯುವ ಪ್ರವಾಹವು ನಗಣ್ಯವಾದುದರಿಂದ ಕಿಲುಬಿನ ಅಡ್ಡಿಯು ಅದಕ್ಕೆ ಅಡ್ಡಿಯೇ ಅಲ್ಲ. ಹೂಳು ಕಟ್ಟಿದ ಪೈಪಿನ ಕೊನೆಗೆ ನಲ್ಲಿಯನ್ನು ಮುಚ್ಚಿಟ್ಟರೆ ಒತ್ತಡವು ಪೂರ್ತಿಯಾಗಿ ತೋರಿ, ತೆರೆದ ಕ್ಷಣವೇ ನೀರು ತೊಟ್ಟಿಕ್ಕುವಂತೆ ಇದು. ಆದುದರಿಂದ ಬಲ್ಬನ್ನು ಅದರ ಸ್ಥಾನದಲ್ಲಿಯೇ ಇಟ್ಟು, ಬ್ರೇಕ್ ಒತ್ತಿಸಿ, ಮೀಟರಿನ ಒಂದು ಮೊನೆಯನ್ನು ಬಲ್ಬಿನ ಹಿತ್ತಾಳೆಯ ಕವಚಕ್ಕೂ ಇನ್ನೊಂದನ್ನು ಕಾರಿನ ಮೈಯ ಬಣ್ಣವಿಲ್ಲದ ಲೋಹಕ್ಕೂ ಮುಟ್ಟಿಸತಕ್ಕದ್ದು. ಓದು ಸೊನ್ನೆಗೆ ಸಮೀಪವಿದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟನ್ನು ಮೀರಿದರೆ ದೋಷ ಅಲ್ಲಿಯೇ ಇದೆ. ಮೀಟರಿಲ್ಲದವರು ಒಂದು ತುಂಡು ವೈರಿನಿಂದ ಆ ಎರಡು ಬಿಂದುಗಳನ್ನು ಕೂಡಿಸಿದರೂ ಸಾಕು. ದೀಪವು ಥಟ್ಟನೆ ಪ್ರಕಾಶಿಸಿದರೆ ನಿದಾನವಾಯಿತು.

ಪರಿಹಾರ ಕಠಿನವಲ್ಲ. ಅರ್ಥ್ ವೈರನ್ನು ಮೈಗೆ ಬಿಗಿದಿರುವ ನಟ್ಟನ್ನು ಬಿಚ್ಚಿ, ವೈರಿನ ತುದಿಯ ಉಂಗುರವನ್ನೂ ಅದು ಕೂರುವ ಲೋಹವನ್ನೂ ಪಾಲಿಶ್ ಕಾಗದದಿಂದ ಹೊಳಪು ಕಾಣುವವರೆಗೆ ಉಜ್ಜಿ, ಮರಳಿ ಬಿಗಿದು, ಮೇಲೆ ವ್ಯಾಸಲೀನನ್ನು ಸವರಿದರೆ ತೇವವು ಬೇಗ ಮುಟ್ಟದು. ಹೋಲ್ಡರಿನ ಸಂಪರ್ಕಗಳಿಗೂ ಇದೇ ಚಿಕಿತ್ಸೆ. ಪ್ಲಾಸ್ಟಿಕ್ಕು ಕರಗಿದ್ದರೆ ಮಾತ್ರ ಹೋಲ್ಡರನ್ನೇ ಬದಲಿಸಬೇಕು. ಕಂಪನಿಯಿಂದಲೇ ಎಲ್‌ಇಡಿ ದೀಪಗಳು ಬಂದಿರುವ ಹೊಸ ಕಾರುಗಳಲ್ಲಿ ಬಲ್ಬೆಂಬುದೇ ಇಲ್ಲ. ಅರ್ಥ್, ಫ್ಯೂಜುಗಳನ್ನು ನೋಡಿದ ಮೇಲೆ ದೀಪದ ಜೋಡಣೆಯನ್ನೇ ಬದಲಿಸಬೇಕಾಗುವುದು.

ಕಾರಿನ ಕುರಿತು ಹೇಳಿದುದೆಲ್ಲ ಟ್ರೇಲರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಬೇರೆ ಅರ್ಥ್ ವೈರನ್ನು ಎಳೆಯದಿದ್ದಲ್ಲಿ, ಟ್ರೇಲರಿನ ದೀಪಗಳ ಪ್ರವಾಹವೆಲ್ಲ ಎರಡನ್ನೂ ಕೂಡಿಸುವ ಕೊಂಡಿಯ ಪಿನ್ನಿನ ಮೂಲಕವೇ ಮರಳಬೇಕು. ಆ ಪಿನ್ನು ಗ್ರೀಸು, ತುಕ್ಕು, ಮಣ್ಣುಗಳಿಂದ ಮೆತ್ತಿಕೊಂಡು, ಹಳ್ಳದಿಣ್ಣೆಗಳಲ್ಲಿ ಅಲ್ಲಾಡುತ್ತ ಕ್ಷಣಕ್ಷಣಕ್ಕೂ ಸಂಪರ್ಕವನ್ನು ಬಿಟ್ಟು ಹಿಡಿಯುತ್ತಿರುತ್ತದೆ. ಎರಡನೆಯ ಟ್ರೇಲರಿನ ದೀಪಕ್ಕಂತೂ ಇಂತಹ ಪಿನ್ನುಗಳೆರಡನ್ನು ದಾಟಬೇಕು. ಹಂಗಾಮಿನ ಆರಂಭದಲ್ಲಿ ಹಿಂಬದಿಗೆ ಅಂಟಿಸುವ ರೇಡಿಯಂ ಪಟ್ಟಿಗಳು ಅವಶ್ಯಕವೇ. ಆದರೆ ಅವು ವಾಹನ ಇಲ್ಲಿದೆಯೆಂದು ಹೇಳುತ್ತವೆಯೇ ಹೊರತು, ನಿಲ್ಲುತ್ತಿದೆಯೆಂದು ಹೇಳಲಾರವು. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಗೆಂದೇ ಒಂದು ಪಿನ್ನನ್ನು ಮೀಸಲಿಟ್ಟಿರುವುದು ಈ ಕಾರಣದಿಂದಲೇ. ಅದರಿಂದ ಹೊರಟ ದಪ್ಪನೆಯ ವೈರೊಂದನ್ನು ಟ್ರೇಲರಿನ ಚೌಕಟ್ಟಿನುದ್ದಕ್ಕೂ ದೀಪದ ಹೋಲ್ಡರಿನವರೆಗೆ ಎಳೆದು, ಎರಡನೆಯ ಟ್ರೇಲರಿಗೂ ಹಾಗೆಯೇ ಮುಂದುವರಿಸಿ, ಕಬ್ಬಿನ ರವದಿ ಸಿಲುಕದಂತೆ ಪೈಪಿನೊಳಗೆ ಹಾಯಿಸಿದರೆ, ದೀಪಕ್ಕೆ ಕೊಂಡಿಯ ಅವಲಂಬನೆ ತಪ್ಪುವುದು. ಹಂಗಾಮಿಗೆ ಮುಂಚಿನ ದಿನಗಳಲ್ಲಿ, ಟ್ರೇಲರುಗಳು ಖಾಲಿಯಾಗಿ ಮನೆಯಂಗಳದಲ್ಲಿಯೇ ನಿಂತಿರುವಾಗ, ಒಂದು ಮಧ್ಯಾಹ್ನದೊಳಗೆ ಮಾಡಿ ಮುಗಿಸಬಹುದಾದ ಕೆಲಸವಿದು.