ಹದಿನೈದು ದಾಟಿದ ಗಾಡಿ: ನಂಬೋದೋ, ಮಾರೋದೋ?

ಶಿವಮೊಗ್ಗ ಗಾಂಧಿ ಬಜಾರಿನ ಹಿಂದಿನ ಓಣಿ. ಬೆಳಗಿನ ಜಾವ ಐದು ಗಂಟೆ. ಹಾಲಿನವರು ಇನ್ನೂ ಬಂದಿರುವುದಿಲ್ಲ. ಅಷ್ಟರಲ್ಲಿ ಶುರುವಾಗುತ್ತದೆ ಒಂದು ಪಿಕಪ್ ಗಾಡಿಯ ಸುಪ್ರಭಾತ. ‘ಕುಯ್ಯೋ... ಕುಯ್ಯೋ...’ ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ‘ಡಬ ಡಬ’ ಎಂದು ಹಿಡಿದುಕೊಳ್ಳುತ್ತದೆ. ಓಣಿ ತುಂಬ ಬಿಳಿ ಹೊಗೆ. ಮಹಡಿಯ ಮೇಲೆ ಮಲಗಿದ್ದ ಯಜಮಾನರು ಆಗ ಒಂದು ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸುತ್ತಾರೆ. ‘ಇವತ್ತಿಗೆ ಹೊರಡ್ತು. ನಾಳೆಗೆ?’

ಯಜಮಾನರದು ದಿನಸಿ ಸಗಟು ವ್ಯಾಪಾರ. ‘ಹೆಸರು ಮಾತ್ರ ಹಾಕ್ಬೇಡಿ ಸ್ವಾಮಿ, ನಾಳೆ ಗಾಡಿ ಮಾರೋಕೆ ಹೋದ್ರೆ ರೇಟು ಬಿದ್ದೋಗತ್ತೆ’ ಎಂದರು. ಹಾಕಿಲ್ಲ. ಗಾಡಿ 2009ರ ಮಾಡೆಲ್ಲು. ಬ್ಯಾಂಕಿನ ಸಾಲ ಯಾವತ್ತೋ ತೀರಿದೆ. ಕಿಲೋಮೀಟರ್ ಮುಳ್ಳು ಎರಡು ಲಕ್ಷದ ಎಂಬತ್ತಾರು ಸಾವಿರಕ್ಕೆ ನಿಂತು ಮೂರು ವರ್ಷವಾಯಿತು. ಅಲ್ಲಿಂದ ಮುಂದೆ ಎಷ್ಟು ಓಡಿದೆ ಎಂದು ದೇವರಿಗೇ ಗೊತ್ತು, ಇಲ್ಲವೇ ಡ್ರೈವರಿಗೆ ಗೊತ್ತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ - ಈ ದಾರಿಯ ಸಣ್ಣ ಅಂಗಡಿಗಳಿಗೆ ವಾರಕ್ಕೆ ಮೂರು ದಿನ ಅಕ್ಕಿ, ಬೇಳೆ, ಎಣ್ಣೆ ಹೋಗುವುದು ಇದೇ ಗಾಡಿಯಲ್ಲಿ. ಒಂದು ದಿನ ತಪ್ಪಿದರೆ ಆ ಅಂಗಡಿಯವರು ಬೇರೆಯವರಿಗೆ ಫೋನು ಮಾಡುತ್ತಾರೆ. ಎರಡು ಸಲ ತಪ್ಪಿದರೆ ಹಳೇ ಬಾಕಿಯೂ ಬರುವುದಿಲ್ಲ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಆ ದಿನ ಬಂದೇಬಿಟ್ಟಿತು. ಮಂಡಗದ್ದೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್‌ನಿಂದ ಬುಸ್ಸೆಂದು ಹಬೆ ಎದ್ದು ಗಾಡಿ ರಸ್ತೆಯಲ್ಲೇ ನಿಂತಿತು. ಹಿಂದೆ ಬಂದ ತೀರ್ಥಹಳ್ಳಿ ಬಸ್ಸಿನಲ್ಲಿ ನಾನೂ ಇದ್ದೆ. ಎದುರಿನಿಂದ ಮರಳಿನ ಲಾರಿ, ಪಕ್ಕದಲ್ಲಿ ಚರಂಡಿ. ಅರ್ಧ ಗಂಟೆ ಎಲ್ಲರೂ ನಿಂತಲ್ಲೇ. ಕಾಲೇಜು ಹುಡುಗರು, ಕೋರ್ಟಿಗೆ ಹೊರಟವರು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಂಥ ಗಾಡಿನೆಲ್ಲ ಗುಜರಿಗೆ ಹಾಕ್ಬೇಕು ಮಾರಾಯ್ರೆ!’ ಡ್ರೈವರ್ ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ನಮ್ಮ ಬಸ್ಸಿನ ಕಂಡಕ್ಟರ್ ಓಡಿಹೋಗಿ ಅವನ ಕೈ ಹಿಡಿದ. ‘ಮುಖ ಸುಟ್ಕೋತೀಯ, ಬಿಡೋ!’ ಕುದಿಯುವ ನೀರು ಒಳಗೆ ಒತ್ತಡದಲ್ಲಿರುತ್ತದೆ. ಮುಚ್ಚಳ ತಿರುಗಿದರೆ ಮೇಲಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ತಪ್ಪೇ, ಹೆಡ್ ಬಿರುಕು ಬಿಡಬಹುದು. ತಣ್ಣಗಾಗುವ ತನಕ ಕಾಯುವುದೊಂದೇ ದಾರಿ.

ಗಾಡಿಯನ್ನು ಹಗ್ಗ ಕಟ್ಟಿ ಶಿವಮೊಗ್ಗಕ್ಕೆ ಎಳೆದು ತಂದರು. ಆಮೇಲೆ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ.

ಎಲ್ಲರೂ ಮೆಕ್ಯಾನಿಕ್ಕುಗಳೇ

ಪಕ್ಕದ ಅಂಗಡಿಯವರು, ‘ಎಂಜಿನ್ ಫುಲ್ ಕೆಲಸ ಬಂದಿದೆ, ಎಂಬತ್ತು ಸಾವಿರ ರೆಡಿ ಇಟ್ಕೊಳ್ಳಿ’ ಎಂದರು. ಬ್ರೋಕರ್ ಒಬ್ಬ, ‘ಒಂದೂಕಾಲು ಲಕ್ಷಕ್ಕೆ ಇದ್ದಂಗೇ ಎತ್ಕೊಂಡು ಹೋಗ್ತೀನಿ’ ಎಂದ. ಮಗ ಹೊಸ ಗಾಡಿಯ ಕಂತಿನ ಲೆಕ್ಕ ಹಾಕಿ ಚೀಟಿ ತೋರಿಸಿದ. ಅದನ್ನು ನೋಡಿ ಯಜಮಾನರಿಗೆ ಅವತ್ತು ಊಟ ಸೇರಲಿಲ್ಲ. ಸಗಟು ವ್ಯಾಪಾರದಲ್ಲಿ ಉಳಿಯುವುದು ಮೂಟೆಗೆ ಇಷ್ಟು ಅಂತ ಚಿಲ್ಲರೆ ಕಾಸು. ಅದರಲ್ಲಿ ತಿಂಗಳು ತಿಂಗಳು ಕಂತು ಕಟ್ಟುವುದೆಂದರೆ ಹೇಗೆ?

ಇನ್ನೊಬ್ಬರು ಬಂದು, ‘ಹದಿನೈದು ವರ್ಷ ಆದ್ಮೇಲೆ ಗೌರ್ಮೆಂಟಿನವರೇ ಗುಜರಿಗೆ ಹಾಕಿಸ್ತಾರಂತೆ’ ಎಂದು ಹೆದರಿಸಿದರು. ಬಜಾರಿನಲ್ಲಿ ಈ ಮಾತು ಬಹಳ ಓಡಾಡುತ್ತಿದೆ, ಆದ್ದರಿಂದ ಸ್ಪಷ್ಟ ಹೇಳಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಇಲ್ಲ, ನಿಜ. ದೆಹಲಿಯ ಕಡೆ ಹಳೇ ಡೀಸೆಲ್ ಗಾಡಿಗಳ ಕಥೆಯೂ ಬೇರೆ. ಆದರೆ ನಮ್ಮೂರಿನ ಖಾಸಗಿ ಸರಕು ಗಾಡಿ ಎಫ್.ಸಿ. ಪಾಸಾದರೆ ಓಡಬಹುದು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್.ಸಿ.; ಅಲ್ಲಿಂದ ಮುಂದೆ ಪ್ರತಿ ವರ್ಷ. ಗಾಡಿಗೆ ವಯಸ್ಸಾದಷ್ಟೂ ಫೀಜು ಜಾಸ್ತಿ. ಬಿ.ಎಸ್. 4ಕ್ಕಿಂತ ಹಳೇ ಗಾಡಿಗೆ ಹೊಗೆ ಸರ್ಟಿಫಿಕೇಟು ಆರು ತಿಂಗಳಿಗೊಮ್ಮೆ. ಅಂದರೆ ಮುದಿ ಗಾಡಿಗೆ ಸರ್ಕಾರ ‘ಸಾಯಿ’ ಅನ್ನುವುದಿಲ್ಲ, ‘ವರ್ಷಾ ವರ್ಷಾ ಡಾಕ್ಟರ ಹತ್ರ ಬಾ, ಫೀಜು ಕೊಡು’ ಅನ್ನುತ್ತದೆ, ಅಷ್ಟೆ.

ಭಾಯ್ ನಾಡಿ ಹಿಡಿದದ್ದು

ಕೊನೆಗೆ ಗಾಡಿ ಹೋಗಿ ಸೇರಿದ್ದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜಿಗೆ. ಅಲ್ಲಿನ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಕರೆಯುವುದು ‘ಭಾಯ್’ ಎಂದೇ. ಮಾತು ಕಮ್ಮಿ. ಬಂದವರು ‘ಎಷ್ಟಾಗತ್ತೆ?’ ಎಂದರೆ, ‘ಕಾಯಿಲೆ ಯಾವ್ದು ಅಂತ ಗೊತ್ತಾಗ್ದೆ ರೇಟು ಹೆಂಗೆ ಹೇಳ್ಲಿ ಯಜಮಾನ್ರೆ?’ ಎನ್ನುವ ಮನುಷ್ಯ.

ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಕಪ್ಪಗಿತ್ತು. ‘ಡೀಸೆಲ್ ಗಾಡೀಲಿ ಆಯಿಲ್ ಕಪ್ಪಾಗೋದು ರೋಗ ಅಲ್ಲ. ಹಾಲು ಬೆರೆಸಿದ ಕಾಫಿ ಥರ ಆಗಿದ್ರೆ ನೀರು ಸೇರಿದೆ ಅಂತ ಅರ್ಥ. ಇದ್ರಲ್ಲಿ ಹಂಗಿಲ್ಲ’ ಎಂದರು. ಆಮೇಲೆ ಎಂಜಿನ್ ಚಾಲು ಮಾಡಿಸಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರು. ಪಿಸ್ಟನ್ ರಿಂಗು ಸವೆದಿದ್ದರೆ ಉರಿದ ಗಾಳಿ ಕೆಳಗೆ ನುಗ್ಗಿ, ಆ ತೂತಿನಿಂದ ರೈಲು ಎಂಜಿನ್ ಥರ ‘ಬಕ್ ಬಕ್’ ಎಂದು ಹೊಗೆ ಬರುತ್ತದೆ. ಇಲ್ಲಿ ಬಂದದ್ದು ಸಣ್ಣ ಉಸಿರು ಮಾತ್ರ. ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಮತ್ತೆ ಚಾಲು ಮಾಡಿಸಿದರು. ನೀರಿನಲ್ಲಿ ಗುಳು ಗುಳು ಗುಳ್ಳೆ! ಭಾಯ್ ತಲೆಯಾಡಿಸಿದರು.

ಕೊನೆಗೆ ಕಂಪ್ರೆಶನ್ ಪರೀಕ್ಷೆ. ಡೀಸೆಲ್ ಎಂಜಿನ್‌ಗೆ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಹದಿನೇಳು ಹದಿನೆಂಟು ಪಾಲಿನಷ್ಟು ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಅದುಮುವ ಶಕ್ತಿ ಸೋರಿಹೋದರೆ ಬೆಳಗಿನ ಚಳಿಯಲ್ಲಿ ‘ಕುಯ್ಯೋ ಕುಯ್ಯೋ’ ಶುರು, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಗೆ. ಯಜಮಾನರ ಗಾಡಿಯಲ್ಲಿ ಒಂದನೇ ಮತ್ತು ನಾಲ್ಕನೇ ಸಿಲಿಂಡರ್ ಚೆನ್ನಾಗಿದ್ದವು. ಮಧ್ಯದ ಎರಡು ಮಾತ್ರ ಕಮ್ಮಿ.

‘ನೋಡಿ ಯಜಮಾನ್ರೆ, ರಿಂಗು ಸವೆದಿದ್ರೆ ನಾಲ್ಕೂ ಹೆಚ್ಚು ಕಮ್ಮಿ ಒಂದೇ ಥರ ಸವೀತಿತ್ತು. ಪಕ್ಕಪಕ್ಕದ ಎರಡು ಮಾತ್ರ ಕಮ್ಮಿ, ನೀರಲ್ಲಿ ಗುಳ್ಳೆ ಬೇರೆ. ನಡುವಿನ ಗೋಡೆ ಬಿದ್ದಿದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಬೋರು, ಪಿಸ್ಟನ್ನು ಈಗ್ಲೇ ಮುಟ್ಟೋದು ಬೇಡ.’

ಹೆಡ್ ಬಿಚ್ಚಿದರು, ಅವರು ಹೇಳಿದ್ದು ಹೇಳಿದ ಹಾಗೇ ಇತ್ತು. ಕಾವಿಗೆ ಹೆಡ್ ಕೊಂಚ ಬಾಗಿತ್ತು, ಲೇತಿಗೆ ಕಳಿಸಿ ಮಟ್ಟ ಮಾಡಿಸಿದರು. ವಾಲ್ವ್ ಉಜ್ಜಿ, ನಾಝಲ್ ಸರ್ವಿಸ್ ಮಾಡಿಸಿ, ರೇಡಿಯೇಟರ್ ಬಿಚ್ಚಿ ತೊಳೆಸಿ ಬಿಲ್ಲು ಆಗಿದ್ದು ಇಪ್ಪತ್ತು ಸಾವಿರ ಚಿಲ್ಲರೆ. ಎಂಬತ್ತು ಸಾವಿರದ ಮಾತೆಲ್ಲಿ, ಇದೆಲ್ಲಿ!

ತುಂಗಾ ಪಾನ ಎಂಜಿನ್‌ಗಲ್ಲ

ಆದರೆ ಗ್ಯಾಸ್ಕೆಟ್ ತಾನಾಗಿ ಸುಡುವುದಿಲ್ಲವಲ್ಲ? ರೇಡಿಯೇಟರ್ ಒಳಗಿನ ಕೊಳವೆಗಳಲ್ಲಿ ತುಕ್ಕು, ಪಾಚಿ ಕಟ್ಟಿ ಅರ್ಧ ಮುಚ್ಚಿತ್ತು. ಕಾರಣ ಕೇಳಿದರೆ, ವರ್ಷಗಟ್ಟಲೆ ಕೂಲೆಂಟ್ ಹಾಕದೆ ನಲ್ಲಿ ನೀರು, ಹೊಳೆ ನೀರು ಹಾಕಿಕೊಂಡೇ ಓಡಿಸಿದ್ದರು. ‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುವುದು ಮನುಷ್ಯರಿಗೆ ಸ್ವಾಮಿ! ಎಂಜಿನ್‌ಗೆ ಕೂಲೆಂಟ್ ಬೇಕು. ಅದು ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ, ನೀರಿಗಿಂತ ತಡವಾಗಿ ಕುದಿಯುತ್ತದೆ.

ಇಲ್ಲಿ ಒಂದು ಸಂಗತಿ ಹೊರಬಿತ್ತು. ಗ್ಯಾರೇಜಿನಲ್ಲಿ ಯಜಮಾನರು ಡ್ರೈವರನ್ನು ಬೈಯತೊಡಗಿದರು. ‘ನಿನ್ ಸಂಬಳದಲ್ಲಿ ಹಿಡ್ಕೋತೀನಿ’ ಎಂದರು. ಹನ್ನೆರಡು ವರ್ಷದಿಂದ ಅವರ ಬಳಿಯೇ ಇರುವ ಮನುಷ್ಯ. ತಲೆ ತಗ್ಗಿಸಿ ನಿಂತಿದ್ದವನು ಮೆಲ್ಲಗೆ ಹೇಳಿದ: ‘ದಿನಾ ಒಂದು ಬಾಟ್ಲಿ ನೀರು ಕುಡೀತಿದೆ ಅಂತ ಮೂರು ಸಲ ಹೇಳಿದ್ನಲ್ಲ ಯಜಮಾನ್ರೆ. ನೀವೇ ಹಾಕ್ಕೊಂಡು ಓಡ್ಸು ಅಂದ್ರಿ.’

ಗ್ಯಾರೇಜಿನಲ್ಲಿ ಸ್ಪ್ಯಾನರ್ ಸದ್ದೂ ನಿಂತುಹೋಯಿತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೌದು, ಹೇಳಿದ್ದ’ ಎಂದರು. ನಮ್ಮ ಬಜಾರಿನಲ್ಲಿ ಇಷ್ಟು ಒಪ್ಪಿಕೊಳ್ಳುವವರೂ ಕಮ್ಮಿ. ಸಂಬಳ ಹಿಡಿಯುವ ಮಾತು ಅಲ್ಲಿಗೇ ಬಿತ್ತು.

ಗಾಡಿ ಮೊದಲೇ ಹೇಳುತ್ತದೆ

ಗಾಡಿ ಇಟ್ಟುಕೊಂಡ ಅಂಗಡಿಯವರು ಗಮನಿಸಬೇಕಾದದ್ದನ್ನು ಭಾಯ್ ಬೆರಳೆಣಿಸಿ ಹೇಳಿದರು. ಹೊಗೆ ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ: ಏರ್ ಫಿಲ್ಟರ್, ನಾಝಲ್ ನೋಡಿಸಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ: ರಿಂಗು, ವಾಲ್ವ್ ಗೈಡ್ ಕಡೆ ಅನುಮಾನ. ಚಳಿಯಲ್ಲಿ ಚಾಲು ಮಾಡಿದಾಗ ಬಿಳಿ ಬಂದು ನಿಂತರೆ ದೊಡ್ಡ ಭಯವಿಲ್ಲ; ಎಂಜಿನ್ ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ, ನೀರೂ ಕಮ್ಮಿಯಾಗುತ್ತಿದ್ದರೆ ತಡ ಮಾಡಬೇಡಿ.

ಥರ್ಮೋಸ್ಟಾಟ್ ಕಿತ್ತು ಬಿಸಾಕುವ ಚಾಳಿ ನಮ್ಮಲ್ಲಿದೆ. ಅದು ತಪ್ಪು. ಎಂಜಿನ್ ಹದವಾದ ಕಾವಿಗೆ ಬರದೆ ಓಡಿದರೂ ಬೇಗ ಸವೆಯುತ್ತದೆ. ಟರ್ಬೊ ಇರುವ ಗಾಡಿಯನ್ನು ಏರು ಹತ್ತಿಸಿ ಬಂದ ತಕ್ಷಣ ಆಫ್ ಮಾಡದೆ ಅರ್ಧ ಒಂದು ನಿಮಿಷ ಹಾಗೇ ಬಿಡಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ. ಗೇರಿನಲ್ಲಿ ಇಳಿಯುವಾಗ ಕಾಲು ತೆಗೆದರೆ ಪಂಪು ಡೀಸೆಲ್ ತಾನೇ ನಿಲ್ಲಿಸುತ್ತದೆ. ಉಳಿತಾಯ ಸೊನ್ನೆ, ಬ್ರೇಕ್ ಕಾದು ಫೇಲಾದರೆ ಜೀವವೇ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಲೋಡು. ಹಿಂದೆ ಮೆಟಡೋರ್ ಇತ್ತು, ಆಮೇಲೆ 207 ಬಂತು, 2005ರಲ್ಲಿ ಎರಡೇ ಸಿಲಿಂಡರಿನ, 702 ಸಿಸಿಯ ಟಾಟಾ ಏಸ್ ಬಂತು. ಯಾವುದು ಬಂದರೂ ನಮ್ಮವರು ಹೇರುವುದು ಮಾತ್ರ ಲಾರಿಯ ಲೆಕ್ಕದಲ್ಲೇ. ಪಾಸಿಂಗ್ ಇರುವುದಕ್ಕಿಂತ ಐದು ಮೂಟೆ ಜಾಸ್ತಿ ಹಾಕಿದ್ದರ ಲಾಭ ಆವತ್ತೇ ಕೈಗೆ ಬರುತ್ತದೆ. ಅದರ ಬಿಲ್ಲು ಬರುವುದು ಐದು ವರ್ಷ ಬಿಟ್ಟು.

ಹಾಗಾದರೆ ಈ ಗಾಡಿಯನ್ನು ನಂಬಬಹುದೇ? ಯಜಮಾನರು ಕೇಳಿದ್ದೂ ಅದನ್ನೇ. ‘ಇನ್ನೆಷ್ಟು ವರ್ಷ ಭಾಯ್?’

‘ಆಯಸ್ಸು ಯಾರು ಹೇಳ್ತಾರೆ? ಕಾಯಿಲೆ ವಾಸಿಯಾಯ್ತು, ವಯಸ್ಸು ವಾಸಿಯಾಗ್ಲಿಲ್ಲ. ಎಂಜಿನ್ ರಿಪೇರಿ ಆಗತ್ತೆ. ಚಾಸಿ ತುಕ್ಕು ತಿಂದ್ರೆ ಮಾತ್ರ ದುಡ್ಡು ಸುರೀಬೇಡಿ, ಅವತ್ತು ಕೈ ಮುಗಿದು ಕಳಿಸ್ಬಿಡಿ.’

ಯಜಮಾನರು ಈಗ ಮೂರು ಕೆಲಸ ಮಾಡಿದ್ದಾರೆ. ಮೀಟರ್ ಕೇಬಲ್ ಹಾಕಿಸಿ, ಡ್ರೈವರ್ ಕೈಗೊಂದು ನೋಟ್ ಪುಸ್ತಕ ಕೊಟ್ಟಿದ್ದಾರೆ: ನೀರು ಎಷ್ಟು ಹಾಕಿದೆ, ಆಯಿಲ್ ಎಷ್ಟು ಕುಡಿಯಿತು, ಎಷ್ಟು ಕಿಲೋಮೀಟರಿಗೆ - ದಿನಾ ಬರೆಯಬೇಕು. ತೀರ್ಥಹಳ್ಳಿ ದಾರಿಗೆ ಲೋಡು ಇಳಿಸಿದ್ದಾರೆ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಡಬ್ಬಿ ಇಟ್ಟು ದಿನಕ್ಕೆ 200 ರೂಪಾಯಿ ಹಾಕುತ್ತಿದ್ದಾರೆ. ತಿಂಗಳಿಗೆ 6,000, ವರ್ಷಕ್ಕೆ 72,000. ಎಂಜಿನ್ ಕೈ ಕೊಟ್ಟರೆ ರಿಪೇರಿಗೆ, ಕೊಡದಿದ್ದರೆ ಹೊಸ ಗಾಡಿಯ ಮುಂಗಡಕ್ಕೆ.

ಬೆಳಗಿನ ಜಾವ ಐದಕ್ಕೆ ಓಣಿಯಲ್ಲಿ ಈಗಲೂ ಗಾಡಿ ಚಾಲು ಆಗುತ್ತದೆ. ಒಂದೇ ಸಲಕ್ಕೆ. ‘ಈಗ ನಿದ್ದೆ ಬರತ್ತಾ ಯಜಮಾನ್ರೆ?’ ಎಂದು ಮೊನ್ನೆ ಕೇಳಿದೆ.

‘ಗಾಡಿ ಹೊರಟ ಮೇಲೆ ಪುಸ್ತಕ ನೋಡ್ತೀನಿ. ನಿನ್ನೆ ನೀರಿನ ಕಾಲಂನಲ್ಲಿ ಸೊನ್ನೆ ಬರ್ದಿದ್ದ. ಆಮೇಲೆ ಒಳ್ಳೇ ನಿದ್ದೆ ಬಂತು’ ಎಂದರು.