ಭೂಮಿಯ ಸೊಂಟದ ಅಳತೆ

1976ರ ಮೇ 4ರಂದು ನಾಸಾ ಹಾರಿಬಿಟ್ಟ ಲೇಜಿಯೋಸ್ ಉಪಗ್ರಹದಲ್ಲಿ ಬ್ಯಾಟರಿ ಇಲ್ಲ, ಕ್ಯಾಮೆರಾ ಇಲ್ಲ, ರೇಡಿಯೊ ಕೂಡ ಇಲ್ಲ. ಇರುವುದು 60 ಸೆಂ.ಮೀ. ವ್ಯಾಸದ ಒಂದು ಗುಂಡು. ಒಳಗೆ ಹಿತ್ತಾಳೆ, ಹೊರಗೆ ಅಲ್ಯೂಮಿನಿಯಂ, ತೂಕ ಮಾತ್ರ 400 ಕೆ.ಜಿ.ಗೂ ಹೆಚ್ಚು. ಮೈತುಂಬ 426 ಪ್ರತಿಫಲಕಗಳು. ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವುದಷ್ಟೇ ಅದರ ಕೆಲಸ. ಇಂದಿಗೂ ಅದನ್ನೇ ಮಾಡುತ್ತಿದೆ, ಕೆಡುವುದಕ್ಕೆ ಒಳಗೇನಿದೆ!

ಈ ಉಪಾಯ ಮೊದಲು ಫಲಿಸಿದ್ದು 1964ರ ಅಕ್ಟೋಬರ್‌ನಲ್ಲಿ. ನಾಸಾದ ಗೊಡಾರ್ಡ್ ಕೇಂದ್ರದ ಹೆನ್ರಿ ಪ್ಲಾಟ್ಕಿನ್ ತಂಡ ಎಕ್ಸ್‌ಪ್ಲೋರರ್-22 ಉಪಗ್ರಹದತ್ತ ಲೇಸರ್ ಬಿಟ್ಟು, ಮರಳಿದ ಬೆಳಕನ್ನು ಹಿಡಿಯಿತು. ಹೋಗಿಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕಬಹುದು. ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರ 15 ಸೆಂ.ಮೀ. ತಪ್ಪುತ್ತದೆ. ಆಗ ಮೀಟರ್‌ಗಟ್ಟಲೆ ಇದ್ದ ದೋಷ ಈಗ ಸೆಂಟಿಮೀಟರಿಗೂ ಕಡಿಮೆ.

ಈ ದೂರಗಳಿಂದಲೇ ಭೂಮಿಯ ಗುರುತ್ವವನ್ನೂ ಅಳೆಯುತ್ತಾರೆ. ಸರಿ, ದೂರ ಅಳೆದರೆ ಗುರುತ್ವ ಹೇಗೆ ತಿಳಿಯುತ್ತದೆ? ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದ ವ್ಯಾಸ ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ಸುಮಾರು 43 ಕಿ.ಮೀ. ಹೆಚ್ಚು. ಆ ಉಬ್ಬಿದ ಸೊಂಟದ ಸೆಳೆತ 5,900 ಕಿ.ಮೀ. ಎತ್ತರದ ಲೇಜಿಯೋಸನ್ನೂ ಬಿಡುವುದಿಲ್ಲ. ಅದರ ಕಕ್ಷೆಯ ತಲವೇ ದಿನಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಡಿಗ್ರಿ ತಿರುಗುತ್ತದೆ. ಸೊಂಟ ಚೂರು ಬದಲಾದರೂ ಈ ತಿರುಗುವಿಕೆಯ ವೇಗ ಬದಲಾಗಿ, ವರ್ಷಗಟ್ಟಲೆ ಕೂಡುತ್ತ ಹೋಗಿ ಕಣ್ಣಿಗೆ ಬೀಳುತ್ತದೆ.

1983ರಲ್ಲಿ ಕಣ್ಣಿಗೆ ಬಿದ್ದದ್ದೂ ಹಾಗೆಯೇ: ಸೊಂಟ ಸಣ್ಣಗಾಗುತ್ತಿತ್ತು. ಕಾರಣ, ಹಿಮಯುಗದ ಹಿಮದ ಭಾರಕ್ಕೆ ಕುಸಿದಿದ್ದ ಕೆನಡಾ, ಸ್ಕ್ಯಾಂಡಿನೇವಿಯಾದ ನೆಲ ಈಗಲೂ ಮೇಲೇಳುತ್ತಿದೆ. ಅದರಡಿಗೆ ಆಳದ ಶಿಲೆ ನಿಧಾನವಾಗಿ ಸರಿದು ಬರುತ್ತಿದೆ. ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡರೆ, 1998ರ ಸುಮಾರಿಗೆ ಸೊಂಟ ಮತ್ತೆ ದಪ್ಪಗಾಗತೊಡಗಿತು! 2002ರಲ್ಲಿ ವಿಜ್ಞಾನಿಗಳಾದ ಕಾಕ್ಸ್ ಮತ್ತು ಚಾವೊ ಇದನ್ನು ಪ್ರಕಟಿಸಿದಾಗ ಕಾರಣದ ಬಗ್ಗೆ ಚರ್ಚೆಯೋ ಚರ್ಚೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಹಿಮ ಕರಗಿ ಸಾಗರಗಳಿಗೆ ಹಂಚಿಹೋಗುತ್ತಿರುವುದರ ಪಾತ್ರ ಆಮೇಲೆ ಸ್ಪಷ್ಟವಾಯಿತು.

2002ರಲ್ಲೇ ಗ್ರೇಸ್ ಅವಳಿ ಉಪಗ್ರಹಗಳು ಹಾರಿದವು. ಪ್ರತಿ ತಿಂಗಳ ಗುರುತ್ವ ನಕ್ಷೆ, ಲೇಸರಿಗೆ ಎಟುಕದ ಸೂಕ್ಷ್ಮ ವಿವರ. ಇನ್ನು ಗುಂಡಿಗೆ ಕೆಲಸವಿಲ್ಲ ಎನ್ನುವಂತಿರಲಿಲ್ಲ. ಯಾಕೆಂದರೆ ಗ್ರೇಸ್ ಎಡವಿದ್ದು ಸೊಂಟದ ಅಳತೆಯಲ್ಲೇ. ಗ್ರೇಸ್ ನಕ್ಷೆ ಬಳಸುವವರು ಆ ಒಂದು ಸಂಖ್ಯೆಯನ್ನು ತೆಗೆದು ಲೇಸರ್ ಕೊಟ್ಟ ಸಂಖ್ಯೆ ಹಾಕಿಕೊಳ್ಳುತ್ತಾರೆ. 2018ರಲ್ಲಿ ಬಂದ ಮುಂದಿನ ಜೋಡಿಯಲ್ಲಿ ಒಂದರ ಆ್ಯಕ್ಸೆಲೆರೋಮೀಟರ್ (ವೇಗದ ಬದಲಾವಣೆ ಅಳೆಯುವ ಸಾಧನ) ಬೇಗನೆ ಕೈಕೊಟ್ಟಿತು. ಆಗ ಉತ್ತರ-ದಕ್ಷಿಣ ಗೋಳಾರ್ಧಗಳ ವ್ಯತ್ಯಾಸ ಹೇಳುವ ಇನ್ನೊಂದು ಸಂಖ್ಯೆಗೂ ಲೇಸರೇ ಗತಿಯಾಯಿತು.