ಕಸುಬಿನ ಶಿಕ್ಷಣವೂ ಹಿಂಸೆಯ ನಿವಾರಣೆಯೂ

ಕೆಲಸವಿಲ್ಲದ ಬಡಗಿ ತನ್ನ ಮಗನ ಮೈಯನ್ನೇ ಕೆತ್ತಿದನೆಂಬ ಗಾದೆ ಕನ್ನಡದಲ್ಲಿ ಪ್ರಸಿದ್ಧವಾಗಿದೆ. ಬರಿಗೈ ಕೇಡಿಗೆ ಮೂಲವೆಂಬುದೇ ಅದರ ತಾತ್ಪರ್ಯವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಆ ಬಡಗಿಗೆ ಕಸುಬು ಗೊತ್ತಿತ್ತು, ಇಲ್ಲದಿದ್ದುದು ಕೆಲಸ. ದಾರಿ ತಪ್ಪಬಹುದಾದ ತರುಣರಿಗೆ ಕಸುಬು ಕಲಿಸಿ ಹಿಂಸೆಯನ್ನು ತಡೆಯಬಹುದೆಂಬ ವಾದವನ್ನು ಪರಿಶೀಲಿಸುವಾಗ ಈ ಭೇದವನ್ನು ಗಮನದಲ್ಲಿಡುವುದು ಅಗತ್ಯ.

ವಿಚಾರವೇನೋ ಹಳೆಯದು. ಅನಾಥ ಹಾಗೂ ಬಡ ಮಕ್ಕಳನ್ನು ಕಸುಬುದಾರರ ಬಳಿ ಕಲಿಯಲು ಸೇರಿಸುವ ಕಾನೂನು ಈ ದೇಶದಲ್ಲಿ 1850ರಲ್ಲಿಯೇ ಆಗಿತ್ತು. ತಪ್ಪು ಮಾಡಿದ ಹುಡುಗರಿಗೆ ಕೈಗೆಲಸ ಕಲಿಸಿ ತಿದ್ದುವ ಉದ್ದೇಶದ ಡೇವಿಡ್ ಸಸೂನ್ ಸಂಸ್ಥೆ ಮುಂಬಯಿಯಲ್ಲಿ 1857ರಲ್ಲಿ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಗಿ ಕೈಗಾರಿಕಾ ತರಬೇತಿ ಸಂಸ್ಥೆಗಳು ತಲೆಯೆತ್ತಿದವು. 1961ರಲ್ಲಿ ಅಪ್ರೆಂಟಿಸ್ ಕಾನೂನು ಬಂದಿತು. ಮರುವರ್ಷ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಮೊದಲ ವಸಾಹತು ಥಾಣೆಯ ವಾಗ್ಳೆ ಎಸ್ಟೇಟ್. ಥಾಣೆ–ಬೇಲಾಪುರ ರಸ್ತೆ, ಡೊಂಬಿವಲಿ, ಅಂಬರನಾಥಗಳಲ್ಲಿಯೂ ಕಾರ್ಖಾನೆಗಳು ಸಾಲುಗಟ್ಟಿದವು. ಕಲಿತವನಿಗೆ ಕೂಗಳತೆಯಲ್ಲಿಯೇ ಕೆಲಸವಿದ್ದ ಕಾಲ ಅದು.

ಆ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುವುದೆಂಬುದನ್ನು ಮುಂಬಯಿಯ ಗಿರಣಿಗಳ ಪ್ರದೇಶ ತೋರಿಸಿಕೊಟ್ಟಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ತೊಡಗಿದ್ದರು. ಅವರಲ್ಲಿ ಬಹುಮಂದಿ ಮರಳಿ ಗಿರಣಿಯ ಮೆಟ್ಟಿಲು ಹತ್ತಲಿಲ್ಲ. ತಂದೆಯ ಹಿಂದೆ ಮಗನೂ ಮಗ್ಗಕ್ಕೆ ಸೇರುವ ದಾರಿ ಮುಚ್ಚಿತು. ಆ ಚಾಳುಗಳ ತರುಣರಲ್ಲಿ ಹೆಚ್ಚಿನವರು ಕಷ್ಟಪಟ್ಟು ಪ್ರಾಮಾಣಿಕವಾಗಿಯೇ ಬದುಕಿದರು. ಕೆಲವರು ಮಾತ್ರ ಗ್ಯಾಂಗುಗಳ ಪಾಲಾದರು. ಗ್ಯಾಂಗು ಹಣ ಕೊಟ್ಟಿತಲ್ಲದೆ, ಹಿರಿಯನೊಬ್ಬನ ಆಸರೆಯನ್ನೂ ಓಣಿಯಲ್ಲಿ ಒಂದು ಹೆಸರನ್ನೂ ಕೊಟ್ಟಿತು. ಗಿರಣಿಯೂ ಹಿಂದೆ ಕೊಡುತ್ತಿದ್ದುದು ಇವನ್ನೇ.

ಕನ್ನಡಿಗರ ವಲಸೆಯ ಇತಿಹಾಸದಲ್ಲಿ ಇದಕ್ಕೆ ಪ್ರತಿಯಾದ ನಿದರ್ಶನವೊಂದಿದೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಮೊಗವೀರ ಸಮಾಜದ ಉಚಿತ ರಾತ್ರಿಶಾಲೆ 1908ರಷ್ಟು ಹಿಂದಿನದು. ಅನಂತರ ಬೇರೆ ಸಂಘಗಳೂ ಇದೇ ಹಾದಿ ಹಿಡಿದವು. ಇದರಲ್ಲಿ ಬಾಲದುಡಿಮೆಯ ಕ್ರೌರ್ಯವೂ ಇತ್ತೆಂಬುದನ್ನು ಮರೆಮಾಚಲಾಗದು. 14 ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು 2006ರಿಂದ ನಿಷಿದ್ಧವಾಗಿದೆ. ಆದರೂ ದುಡಿಮೆ, ತಂಗಲು ನೆಲೆ, ಊರಿನ ಭಾಷೆಯಲ್ಲಿ ಗದರಿಸಿ ಬುದ್ಧಿ ಹೇಳುವ ಮೇಷ್ಟರು, ಪರೀಕ್ಷೆ ಮುಗಿಸಿದರೆ ಮೇಲೇರಬಹುದೆಂಬ ನಿರೀಕ್ಷೆ, ಇವು ನಾಲ್ಕೂ ಅಲ್ಲಿ ಒಂದೆಡೆ ಕೂಡಿದ್ದವು. ಅದೇ ಕರಾವಳಿಯ ಕೆಲವು ಹೆಸರುಗಳು ಮುಂದೆ ಭೂಗತ ಲೋಕದ ವಾರ್ತೆಗಳಲ್ಲಿಯೂ ಕಾಣಿಸಿಕೊಂಡವು. ಆದುದರಿಂದ ಒಳ್ಳೆಯ ನಡತೆಯನ್ನು ಕುಲದ ಗುಣವೆಂದು ಬಗೆಯುವುದಕ್ಕಿಂತ, ಯಾರಿಗೆ ಯಾವ ಆಸರೆ ದೊರಕಿತೆಂದು ವಿಚಾರಿಸುವುದು ಲೇಸು.

ಈ ಅನುಭವಕ್ಕೆ ಹೊರದೇಶಗಳ ಸಂಶೋಧನೆಯೂ ಪುಷ್ಟಿ ಕೊಡುತ್ತದೆ. ಅಮೆರಿಕದ ಶಿಕಾಗೊ ನಗರದಲ್ಲಿ 2012ರ ಬೇಸಗೆಯಲ್ಲಿ, ಹಿಂಸೆ ಹೆಚ್ಚಾಗಿದ್ದ ಬಡಾವಣೆಗಳ ಶಾಲೆಗಳಿಂದ 1,634 ತರುಣ ತರುಣಿಯರು ಅರ್ಜಿ ಹಾಕಿದ್ದರು. ಚೀಟಿ ಎತ್ತಿದ ರೀತಿಯಲ್ಲಿ ಕೆಲವರನ್ನು ಆರಿಸಿ 8 ವಾರಗಳ ಕೆಲಸ, ಕನಿಷ್ಠ ಕೂಲಿ ಹಾಗೂ ಮಾರ್ಗದರ್ಶಕರೊಬ್ಬರನ್ನು ಒದಗಿಸಲಾಯಿತು. ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 16 ತಿಂಗಳುಗಳಲ್ಲಿ ಇವರ ಪೈಕಿ ಹಿಂಸಾಪರಾಧದ ಬಂಧನಗಳು ಉಳಿದವರಿಗಿಂತ ಶೇಕಡಾ 43ರಷ್ಟು ಕಡಿಮೆಯಾದವು. ಇಳಿಮುಖ ಬಹುಪಾಲು ಕಂಡುಬಂದುದು ಕೆಲಸ ಮುಗಿದ ಮೇಲೆ. ಆದಕಾರಣ ಕೈಗೆ ಬಿಡುವಿಲ್ಲದುದರಿಂದಲೇ ಜಗಳ ತಪ್ಪಿತೆನ್ನುವಂತಿಲ್ಲ. ನಡೆನುಡಿಯಲ್ಲಿಯೇ ಏನೋ ಬದಲಾಗಿತ್ತು.

ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ಅಂತರ್ಯುದ್ಧದ ಮಾಜಿ ಯೋಧರಿಗೆ ಬೇಸಾಯದ ತರಬೇತಿಯನ್ನೂ ಬಂಡವಾಳವನ್ನೂ ಕೊಟ್ಟ ಯೋಜನೆಯಿಂದ ಇನ್ನೊಂದು ಸಂಗತಿ ತಿಳಿದುಬಂದಿತು. 2010–11ರಲ್ಲಿ ನೆರೆಯ ಐವರಿ ಕೋಸ್ಟಿನಲ್ಲಿ ಯುದ್ಧ ಹೊತ್ತಿದಾಗ ಕೂಲಿ ಸೈನಿಕರಾಗುವ ಆಮಿಷಕ್ಕೆ ಹೆಚ್ಚಾಗಿ ಒಲಿಯದೆ ಉಳಿದವರು, ಬಂಡವಾಳದ ಮುಂದಿನ ಕಂತು ಬರಲಿದೆಯೆಂದು ಕಾದಿದ್ದವರು. ಕಲಿತ ವಿದ್ಯೆಯಷ್ಟೇ ಅಲ್ಲ, ನಾಳೆ ಕಳೆದುಕೊಳ್ಳಬೇಕಾದುದೊಂದಿದೆಯೆಂಬ ಎಣಿಕೆಯೂ ಮನುಷ್ಯನನ್ನು ತಡೆಯುತ್ತದೆ.

ಇಂದು ಥಾಣೆ–ಕಲ್ಯಾಣ್ ಭಾಗದಲ್ಲಿ ಎಷ್ಟೋ ಕಾರ್ಖಾನೆಗಳ ನೆಲದ ಮೇಲೆ ವಸತಿ ಸಂಕೀರ್ಣಗಳೂ ಮಳಿಗೆಗಳೂ ನಿಂತಿವೆ. ಕೆಲಸವಿಲ್ಲವೆಂದಲ್ಲ; ಉಗ್ರಾಣ, ಸರಕು ಸಾಗಣೆ, ವಿದ್ಯುತ್ ದುರಸ್ತಿ, ಆಸ್ಪತ್ರೆಗಳಲ್ಲಿ ಕೈಗಳು ಬೇಕು. 30 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು 2019ರ ತಿದ್ದುಪಡಿ ನಿಯಮಗಳು ವಿಧಿಸಿವೆ. ಆದರೆ ಯಾರಿಗಾಗಿ ಈ ಚಿಂತನೆಯೋ ಅವರೇ ಬಾಗಿಲ ಹೊರಗೆ ಉಳಿಯುತ್ತಾರೆ. ತರಬೇತಿ ಸಂಸ್ಥೆಯ ಪ್ರವೇಶಕ್ಕೆ ಎಂಟನೆಯ ಅಥವಾ ಹತ್ತನೆಯ ತರಗತಿ ಮುಗಿಸಿರಬೇಕು. ಶಾಲೆ ಬಿಟ್ಟ ಹುಡುಗನಲ್ಲಿ ಆ ಪತ್ರವಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಒಮ್ಮೆ ನಿಂತವನಿಗೆ ಪೊಲೀಸ್ ದೃಢೀಕರಣವೆಂದರೆ ಭಯ. ಬಾಲಾಪರಾಧದ ಕಳಂಕ ಮುಂದಿನ ಜೀವನಕ್ಕೆ ಅಂಟಬಾರದೆಂದು 2015ರ ಬಾಲನ್ಯಾಯ ಕಾನೂನಿನ 24ನೆಯ ಕಲಮು ಸಾಮಾನ್ಯವಾಗಿ ರಕ್ಷಣೆ ಕೊಡುತ್ತದೆ. ಪಾಲನಾ ಸಂಸ್ಥೆಗಳಿಂದ ಹೊರಬಂದವರಿಗೆ 18ರಿಂದ 21 ವಯಸ್ಸಿನವರೆಗೆ ಅನುಪಾಲನೆಯ ಏರ್ಪಾಡೂ ಅದರಲ್ಲಿದೆ. ಇವನ್ನು ಅರಿಯದ ಮಾಲಿಕನಿಗೆ ತಿಳಿಯಹೇಳುವವರು ಬೇಕು.

ಸಂಘಗಳು ನೆರವಾಗಬಹುದಾದುದು ಈ ಎಡೆಯಲ್ಲಿಯೇ. ಹೊಲಿಗೆಯಂತ್ರ ಹಂಚಿ ಪ್ರಮಾಣಪತ್ರ ಕೊಡುವ ಸಮಾರಂಭಗಳಿಗಿಂತ, ಶಾಲೆ ಬಿಟ್ಟವನನ್ನು ಪರೀಕ್ಷೆಗೆ ಕೂರಿಸುವ ಸಂಜೆಯ ಪಾಠ, ಸಮಾಜದ ಉದ್ಯಮಿಗಳಲ್ಲಿ ಸಂಬಳಸಹಿತ ಕಲಿಕೆಗೆ ಮೀಸಲಿಟ್ಟ ಒಂದೆರಡು ಜಾಗ, ಮೊದಲ ವರ್ಷ ಬಿಡದೆ ವಿಚಾರಿಸಿಕೊಳ್ಳುವ ಹಿರಿಯರೊಬ್ಬರು ಹೆಚ್ಚು ಉಪಕಾರಿ. ಕನ್ನಡದ ಹುಡುಗರಿಗೆ ಮಾತ್ರವೆಂದು ಇವನ್ನು ಮಿತಗೊಳಿಸುವುದು ಯುಕ್ತವಲ್ಲ. ಕಲ್ಯಾಣದ ಓಣಿಯೊಂದರಲ್ಲಿ ಕತ್ತಿ ಹಿರಿದವನು ಯಾವ ಭಾಷೆಯವನಾದರೂ, ಗಾಯ ಆ ಓಣಿಯ ಎಲ್ಲರದು.